ಯಮ್ಮಿ ಎಂದವನಿಗೆ ಒಂದು ಪತ್ರ

ಬದಿಯಡ್ಕ

ಪ್ರೀತಿಯ ಮಗಾ,

ನಮ್ಮ ಕಡೆಯ ತಿಂಡಿ, ಊಟದ ಬಗ್ಗೆ ನೀನು ಬರೆದ ಲೇಖನಗಳ ಕಟ್ಟು ಕೈಗೆ ಬಂದು ಸುಮಾರು ದಿನ ಆಯಿತು. ಉತ್ತರ ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಮನೆಯಲ್ಲಿ ಅಡಿಕೆ ಸುಲಿಯುವವರು ಇದ್ದರು. ಅವರ ಚಹಾ, ತಿಂಡಿ, ಊಟ ಅಂತ ನೋಡುವಷ್ಟರಲ್ಲಿ ಕತ್ತಲಾಗುತ್ತಿತ್ತು. ಆದರೆ ಒಂದು ಪುಟವನ್ನೂ ಬಿಡದೆ ಓದಿದ್ದೇನೆ. ಮೊದಲಿನ ಲೇಖನಗಳನ್ನು ಕುತೂಹಲದಿಂದ ಓದಿದೆ, ನಡುವಿನವನ್ನು ಹಠದಿಂದ ಓದಿದೆ, ಕೊನೆಯವನ್ನು ಸಿಟ್ಟಿನಿಂದ ಓದಿದೆ.

ನೀನು ಕೇಳಿದ್ದು ತುಂಬ ಇದೆ. ಪುಸ್ತಕ ಯಾರು ಮಾಡುತ್ತಾರೆ, ಎಷ್ಟು ಪುಟ ಇರಬೇಕು, ಬಣ್ಣದ ಫೋಟೋ ಬೇಕಾ ಬೇಡ್ವಾ, ಮುನ್ನುಡಿ ಯಾರ ಕೈಯಲ್ಲಿ ಬರೆಸುವುದು. ಅದನ್ನೆಲ್ಲ ಬಲ್ಲವರು ಬೇರೆ ಇದ್ದಾರೆ, ಅವರನ್ನೇ ಕೇಳು. ಕಾಗುಣಿತ ಅಲ್ಲಲ್ಲಿ ತಪ್ಪಿದೆ, ಅದನ್ನು ಯಾರಾದರೂ ತಿದ್ದಿಕೊಡುತ್ತಾರೆ. ನಾನು ಈ ಪತ್ರಕ್ಕೆ ಕೂತದ್ದು ನೀನು ಕೊನೆಗೆ ಸಣ್ಣ ಅಕ್ಷರದಲ್ಲಿ ಸೇರಿಸಿದ ಒಂದು ಸಾಲಿಗಾಗಿ. ನಿನ್ನ ಅಕ್ಕ ಎಲ್ಲವನ್ನೂ ಓದಿ ಮುಗಿಸಿ, 'ಚೆಂದ ಇದೆ ಮಾರಾಯಾ, ಆದರೆ ಓದಿ ಹಸಿವಾಗಲಿಲ್ಲ' ಅಂದಳಂತೆ. ಅಂದಿನಿಂದ ಬರೆಯಲು ಮನಸ್ಸೇ ಬರುತ್ತಿಲ್ಲ ಅಂದಿದ್ದೀಯ.

ನಿನ್ನ ಅಕ್ಕನಿಗೆ ನನ್ನ ನಮಸ್ಕಾರ ಹೇಳು. ನನ್ನ ಪುಸ್ತಕಗಳಿಗೆ ಇಷ್ಟು ಸರಿಯಾದ ವಿಮರ್ಶೆ ಯಾರೂ ಬರೆದಿಲ್ಲ.

ಅವಳ ಮಾತು ತಲೆಯಲ್ಲಿಟ್ಟುಕೊಂಡೇ ಪೆನ್ಸಿಲ್ ಹಿಡಿದು ಮತ್ತೊಮ್ಮೆ ಕೂತೆ. ಯಮ್ಮಿ, ಟೇಸ್ಟಿ, ಡೆಲಿಶಿಯಸ್, ಆಸಮ್, ಮೌತ್ ವಾಟರಿಂಗ್ ಎಂದು ಕಂಡಲ್ಲೆಲ್ಲ ಗೆರೆ ಎಳೆದೆ. ಉಪ್ಪಳದ ಕೋರಿರೊಟ್ಟಿ ಯಮ್ಮಿ. ಕುಂಬಳೆಯ ಗೋಳಿಬಜೆ ಯಮ್ಮಿ. ಕಾಸರಗೋಡಿನ ಕಲ್ಲುಮ್ಮಕಾಯಿ ಡೆಲಿಶಿಯಸ್. ಮಧೂರಿನ ಅಪ್ಪ ಡಿವೈನ್, ಜೊತೆಗೆ ಯಮ್ಮಿ. ಆಮೇಲೆ ಒಂದು ತಮಾಷೆ ಮಾಡಿದೆ. ಕೋರಿರೊಟ್ಟಿ ಇದ್ದಲ್ಲಿ ಅಪ್ಪ, ಅಪ್ಪ ಇದ್ದಲ್ಲಿ ಕಲ್ಲುಮ್ಮಕಾಯಿ ಅಂತ ಹೆಸರು ಅದಲುಬದಲು ಮಾಡಿ ಓದಿದೆ. ವಾಕ್ಯಗಳಿಗೆ ಏನೂ ಆಗಲಿಲ್ಲ! ದೇವರ ಪ್ರಸಾದಕ್ಕೂ ಕಡಲಿನ ಚಿಪ್ಪಿಗೂ ಒಂದೇ ವಾಕ್ಯ ಸಾಕಾಗುವುದಾದರೆ ನೀನು ಎರಡನ್ನೂ ತಿಂದದ್ದು ಹೌದಾ ಅಂತ ಯಾರಾದರೂ ಕೇಳಿಯಾರು.

ಟೀಚರಿಗೆ ಇಂಗ್ಲಿಷ್ ಕಂಡರೆ ಆಗುವುದಿಲ್ಲ ಅಂತ ತಿಳಿಯಬೇಡ. ಈ ಊರಲ್ಲಿ ಕೂತು ಭಾಷೆಗೆ ಮಡಿ ಹೇಳುವುದುಂಟಾ? ಅಂಗಳದಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ, ಪೇಟೆಯಲ್ಲಿ ಬ್ಯಾರಿ, ಕೊಂಕಣಿ, ಅಡುಗೆಮನೆಯಲ್ಲಿ ಹವ್ಯಕ, ಬರೆಯಲು ಕನ್ನಡ. 1956ರ ನವೆಂಬರ್ 1ಕ್ಕೆ ಕಾಸರಗೋಡಿನ ನಾವು ಕೇರಳಕ್ಕೆ ಸೇರಿದ ಮೇಲೆ ಇಲ್ಲಿ ಭಾಷೆಗಾಗಿ ನಡೆದ ಜಗಳಗಳನ್ನು ನೋಡುತ್ತಲೇ ಬೆಳೆದವಳು ನಾನು. ಆ ಜಗಳ ಬೇರೆ. ಇಲ್ಲಿ ಯಮ್ಮಿ ತೆಗೆದು ಸ್ವಾದಿಷ್ಟ ಅಂತ ಹಾಕಿದರೆ ಏನೂ ಸುಧಾರಿಸುವುದಿಲ್ಲ. ರುಚಿಕರ, ಸ್ವಾದಿಷ್ಟ, ಬಾಯಲ್ಲಿ ನೀರೂರಿಸುವ, ಇವೂ ಅದೇ ಜಾತಿಯವು. ನಿನಗೆ ಖುಷಿಯಾಯಿತು ಅಂತ ಹೇಳುತ್ತವೆ. ಎಲೆಯ ಮೇಲೆ ಏನಿತ್ತು ಅಂತ ಹೇಳುವುದಿಲ್ಲ. ನಿನ್ನ ಖುಷಿ ಕಟ್ಟಿಕೊಂಡು ನಿನ್ನ ಅಕ್ಕನಿಗೆ ಏನಾಗಬೇಕು?

ಇದು ಇಂಗ್ಲಿಷಿನವರಿಗೂ ಗೊತ್ತಿರುವ ಸಂಗತಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಭಾಷಾವಿಜ್ಞಾನಿ ಡ್ಯಾನ್ ಜುರಾಫ್ಸ್ಕಿ ಮತ್ತು ಅವರ ಜೊತೆಗಾರರು ಅಲ್ಲಿನ 6,500 ಹೋಟೆಲ್ ಮೆನುಗಳನ್ನು ಕಂಪ್ಯೂಟರಿಗೆ ಹಾಕಿ ನೋಡಿದ್ದಾರೆ. ಅವುಗಳಲ್ಲಿ ಸುಮಾರು 6,50,000 ತಿನಿಸುಗಳ ಹೆಸರು, ವಿವರ, ಬೆಲೆ ಇತ್ತು. ಡೆಲಿಶಿಯಸ್, ಟೇಸ್ಟಿ ಅನ್ನುವಂಥ ಪದ ಇರುವ ತಿನಿಸಿನ ಬೆಲೆ, ಅಂಥ ಒಂದೊಂದು ಪದಕ್ಕೂ ಶೇಕಡಾ 9ರಷ್ಟು ಕಡಿಮೆ ಇತ್ತಂತೆ. ದುಬಾರಿ ಹೋಟೆಲಿನವರು ಕೋಳಿ ಯಾವ ತೋಟದ್ದು ಅಂತ ಬರೆಯುತ್ತಾರೆ, ರುಚಿಯಾಗಿದೆ ಅಂತ ಬರೆಯುವ ಗೋಜಿಗೆ ಹೋಗುವುದಿಲ್ಲ. ಊಟ ಚೆನ್ನಾಗಿದೆ ಅಂತ ಬೋರ್ಡು ಹಾಕಿದ ಹೋಟೆಲಿಗೆ ನೀನು ಹೋಗುತ್ತೀಯಾ? ನಾನಂತೂ ಹೋಗುವುದಿಲ್ಲ.

ನಿನ್ನ ಎಲ್ಲ ಇಂಗ್ಲಿಷ್ ಪದಕ್ಕೂ ನಾನು ಗೆರೆ ಎಳೆದಿಲ್ಲ, ಗಮನಿಸು. ಬಸಳೆ ಮತ್ತು ಒಣ ಸಿಗಡಿಯ ಪದಾರ್ಥದ ಬಗ್ಗೆ ಬರೆಯುವಾಗ ಉಮಾಮಿ ಅಂದಿದ್ದೀಯ. ಅದು ಇರಲಿ. ಇಂಗ್ಲಿಷಿಗೂ ಅದು ಜಪಾನಿ ಭಾಷೆಯಿಂದ ಬಂದ ಸಾಲದ ಪದವೇ. 1908ರಲ್ಲಿ ಟೋಕಿಯೋದ ರಸಾಯನವಿಜ್ಞಾನಿ ಕಿಕುನಾಯೆ ಇಕೆಡಾ ಕಡಲಪಾಚಿಯ ಸಾರಿನಲ್ಲಿ ಸಿಹಿಯೂ ಅಲ್ಲದ, ಹುಳಿಯೂ ಅಲ್ಲದ, ಉಪ್ಪು ಕಹಿಯೂ ಅಲ್ಲದ ಒಂದು ರುಚಿ ಇದೆ ಅಂದರು. ಅದರ ಹಿಂದೆ ಇದ್ದ ಗ್ಲುಟಮೇಟ್ ಎಂಬ ವಸ್ತುವನ್ನು ಬೇರ್ಪಡಿಸಿ ತೋರಿಸಿದರು. ಒಣ ಸಿಗಡಿಯಲ್ಲಿ ಆ ರುಚಿ ಇದೆ, ನಿನ್ನ ನಾಲಗೆ ಸರಿಯಾಗಿಯೇ ಗುರುತಿಸಿದೆ. ನಾನು ಮೀನು ತಿನ್ನುವವಳಲ್ಲ, ಆದರೆ ಪಕ್ಕದ ಮನೆಯಿಂದ ಬರುವ ಆ ವಾಸನೆ ಗೊತ್ತು.

ಕ್ರಿಸ್ಪಿ, ಕ್ರಂಚಿ ಕೂಡ ಇರಲಿ. ಅವು ಕೆಲಸ ಮಾಡುವ ಪದಗಳು. ಒಂದೇ ಒಂದು ಗೊಣಗಾಟ. ನೀನು ಎರಡನ್ನೂ ಒಂದೇ ಅಂತ ಬಳಸಿದ್ದೀಯ. ತೆಳ್ಳಗಿನದ್ದು ಸಣ್ಣ ಸ್ವರದಲ್ಲಿ ಪುಡಿಯಾದರೆ ಕ್ರಿಸ್ಪಿ, ದಪ್ಪದ್ದು ಹಲ್ಲಿನ ಕೆಳಗೆ ತಗ್ಗಿನ ಸ್ವರದಲ್ಲಿ ಮುರಿದರೆ ಕ್ರಂಚಿ. ನಮ್ಮಲ್ಲೂ ಹಲಸಿನ ಹಪ್ಪಳ ಗರಿಗರಿ, ಚಕ್ಕುಲಿ ಕುರುಕುರು. ಹಪ್ಪಳಕ್ಕೆ ಕುರುಕುರು ಅಂದವನನ್ನು ನಮ್ಮ ಮನೆಯ ಮಕ್ಕಳೂ ನಗಾಡುತ್ತಾರೆ.

ಆದರೆ ಸ್ಪೈಸಿಗೆ ಮಾತ್ರ ಗೆರೆ ಗಟ್ಟಿಯಾಗಿ ಎಳೆದಿದ್ದೇನೆ. ಕೋಳಿ ಗಸಿಯೂ ಸ್ಪೈಸಿ, ಮೆಣಸ್ಕಾಯಿಯೂ ಸ್ಪೈಸಿ, ಶುಂಠಿ ಕಷಾಯವೂ ಸ್ಪೈಸಿ ಅಂದರೆ ಹೇಗೆ? ಒಳ್ಳೆಮೆಣಸು ಗಂಟಲ ಬುಡಕ್ಕೆ ಹೋಗಿ ಕೂರುತ್ತದೆ. ಬ್ಯಾಡಗಿ ಮೆಣಸು ಬಣ್ಣ ಕೊಟ್ಟು ಸುಮ್ಮನಾಗುತ್ತದೆ. ಗಾಂಧಾರಿ ಮೆಣಸು ಕಿವಿಯವರೆಗೆ ಏರುತ್ತದೆ. ಹಸಿ ಸಾಸಿವೆ ಅರೆದದ್ದು ಮೂಗಿಗೆ ಹೊಡೆಯುತ್ತದೆ. ಎಲ್ಲಿ ಹತ್ತಿತು, ಎಷ್ಟು ಹೊತ್ತು ನಿಂತಿತು, ನೀರು ಕುಡಿದೆಯಾ, ಮಜ್ಜಿಗೆ ಕುಡಿದೆಯಾ ಅಂತ ಬರೆ. ಇಂಗ್ಲಿಷಿನವರು ಬಿಸಿಗೂ ಖಾರಕ್ಕೂ ಹಾಟ್ ಅಂತ ಒಂದೇ ಪದ ಇಟ್ಟುಕೊಂಡದ್ದನ್ನು ನಾವು ಹಿಂದೆ ತಮಾಷೆ ಮಾಡುತ್ತಿದ್ದೆವು. ಅದು ಅಂಥ ದಡ್ಡತನವೇನಲ್ಲ. ಮೆಣಸಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ತಟ್ಟುವುದು ಸುಡುವ ಬಿಸಿಯನ್ನು ಗುರುತಿಸುವ ನರತುದಿಯ ರಿಸೆಪ್ಟರನ್ನೇ. ಅದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು.

ಇಷ್ಟೆಲ್ಲ ಹೇಳಿ ಹಲಸಿನ ಸೊಳೆಯ ಕರಿದ ತಿಂಡಿ ಉಂಡ್ಲಕಾಳಿಗೆ ಬರದಿದ್ದರೆ ನನಗೆ ಸಮಾಧಾನ ಇಲ್ಲ. 'ಕ್ರಿಸ್ಪಿ ಆಂಡ್ ಯಮ್ಮಿ ಟ್ರೆಡಿಷನಲ್ ಸ್ನ್ಯಾಕ್' ಅಂತ ಒಂದು ಸಾಲಿನಲ್ಲಿ ಮುಗಿಸಿ ಫೋಟೋ ಅಂಟಿಸಿದ್ದೀಯಲ್ಲ, ಅಲ್ಲಿಗೇ ನನಗೆ ಸಿಟ್ಟು ಬಂದದ್ದು.

ಬೇಸಿಗೆಯಲ್ಲಿ ಬಲಿತ ಹಲಸಿನಕಾಯಿ ಇಳಿಸಿ, ಮೇಣ ಒರೆಸಿ, ಸೊಳೆ ಬಿಡಿಸಿ, ಉಪ್ಪು ಬೆರೆಸಿ ಭರಣಿಗೆ ತುಂಬುತ್ತಾರೆ. ಮೇಲೆ ಕಲ್ಲು ಹೇರುತ್ತಾರೆ. ಉಪ್ಪು ನೀರು ಬಿಟ್ಟು ಸೊಳೆ ಅದರೊಳಗೆ ಮುಳುಗುತ್ತದೆ. ಅದೇ ಉಪ್ಪುಸೊಳೆ. ಆಟಿ ತಿಂಗಳಲ್ಲಿ, ತರಕಾರಿ ಇಲ್ಲದ ಜಡಿಮಳೆಯ ದಿನಗಳಲ್ಲಿ ಭರಣಿಯ ಬಾಯಿ ಬಿಚ್ಚುವುದು. ಆಗ ಬರುವ ವಾಸನೆಯನ್ನು ಪರಿಮಳ ಅಂದರೆ ಸುಳ್ಳು ಹೇಳಿದಂತೆ. ಹುಳಿ ಬಂದಿರುತ್ತದೆ, ಉಪ್ಪು ಮೂಗಿಗೆ ಬಡಿಯುತ್ತದೆ, ಹೊಸಬರು ಹಿತ್ತಿಲಿಗೆ ಓಡುತ್ತಾರೆ. ಆ ಸೊಳೆಯನ್ನು ನೀರಿನಲ್ಲಿ ಹಾಕಿ ಉಪ್ಪು ಬಿಡಿಸಬೇಕು. ಚೆನ್ನಾಗಿ ಹಿಂಡಿ, ಅಕ್ಕಿ ಮತ್ತು ತೆಂಗಿನಕಾಯಿ ಸೇರಿಸಿ ಗಟ್ಟಿಗೆ ರುಬ್ಬಬೇಕು. ಆಮೇಲೆ ಬಾಳೆಲೆ ಹಾಸಿ, ಮನೆಯವರೆಲ್ಲ ಸುತ್ತ ಕೂತು, ಗೋಲಿಗಿಂತ ಸಣ್ಣ ಉಂಡೆ ಕಟ್ಟುವುದು. ಎಷ್ಟು ಕಟ್ಟಿದರೂ ಹಿಟ್ಟು ಮುಗಿಯುವುದಿಲ್ಲ. ಊರಿನ ಸುದ್ದಿ ಮಾತ್ರ ಬೇಗ ಮುಗಿಯುತ್ತದೆ.

ತೆಂಗಿನೆಣ್ಣೆಗೆ ಬಿದ್ದ ಕೂಡಲೇ ಗಲಾಟೆ. ಬಾಣಲೆ ತುಂಬ ನೊರೆ, ಪಟಪಟ ಸದ್ದು. ಅವಸರ ಮಾಡಿ ಬೆಂಕಿ ಜೋರು ಮಾಡಿದರೆ ಹೊರಗೆ ಕೆಂಪು, ಒಳಗೆ ಹಸಿ. ಸಣ್ಣ ಬೆಂಕಿಯಲ್ಲಿ ಕಾಯಬೇಕು. ಒಳಗಿನ ನೀರು ಆರುತ್ತ ಬಂದ ಹಾಗೆ ನೊರೆ ಕಡಿಮೆಯಾಗುತ್ತದೆ, ಸದ್ದೂ ಇಳಿಯುತ್ತದೆ. ನನ್ನ ಅತ್ತೆ ಬಾಣಲೆಯ ಕಡೆ ನೋಡುತ್ತಲೇ ಇರಲಿಲ್ಲ. ಅತ್ತ ತಿರುಗಿ ಕೂತು ಮೆಟ್ಟುಕತ್ತಿಯಲ್ಲಿ ಸೌತೆಕಾಯಿ ಕೊರೆಯುತ್ತಲೇ, 'ಹೂಂ, ಸದ್ದು ನಿಂತಿತು, ತೆಗಿ' ಅನ್ನುತ್ತಿದ್ದರು. ತೆಗೆದು ನೋಡಿದರೆ ಹದವಾದ ಕೆಂಪು. ನಿನ್ನ ಕ್ರಿಸ್ಪಿ ಇರುವುದು ಅಲ್ಲಿ. ಅವರ ಕಿವಿಯನ್ನು ಬಿಟ್ಟು ಆ ಪದವನ್ನೊಂದೇ ಹೆಕ್ಕಿಕೊಂಡು ಹೋಗಿದ್ದೀಯ.

ಮತ್ತೆ ತಿನ್ನುವಾಗ? ಮೊದಲು ಹಲ್ಲಿಗೆ ಸಿಕ್ಕಿ ಕುರುಂ ಅನ್ನುತ್ತದೆ. ತೆಂಗಿನೆಣ್ಣೆ ತಿಳಿಯುತ್ತದೆ, ಹಿಂದಿನಿಂದ ಉಪ್ಪು. ಅಗಿದು ನುಂಗುವ ಹೊತ್ತಿಗೆ ಆ ಭರಣಿಯ ಹುಳಿ ಸಣ್ಣಗೆ ಮೇಲೆ ಬರುತ್ತದೆ. ಅದಕ್ಕಾಗಿಯೇ ಇನ್ನೊಂದು ಹಿಡಿ ತಿನ್ನುವವರು ಇದ್ದಾರೆ, ಅದಕ್ಕಾಗಿಯೇ ತಟ್ಟೆ ದೂಡುವವರೂ ಇದ್ದಾರೆ. ಬೆಂಗಳೂರಿನಿಂದ ಬಂದ ನನ್ನ ಅಳಿಯ ಒಂದೇ ಒಂದು ಕಾಳು ತಿಂದು, 'ಅತ್ತೇ, ಇದು ಕೆಟ್ಟಿದೆಯಾ?' ಅಂತ ಮೆಲ್ಲಗೆ ಕೇಳಿದ. ಬೇಸರ ಮಾಡಿಕೊಳ್ಳಬೇಡ, ನಿನ್ನ ಇಡೀ ಲೇಖನಕ್ಕಿಂತ ಆ ಮಾತಿನಲ್ಲಿ ಉಪ್ಪುಸೊಳೆ ಜಾಸ್ತಿ ಇದೆ.

ನನಗೂ ಒಂದೆರಡು ಹಳೆಯ ಸಿಟ್ಟು ಉಂಟು. ಒಂದು ಪತ್ರಿಕೆಗೆ ಉಪ್ಪುಸೊಳೆಯ ಬಗ್ಗೆ ಬರೆದಿದ್ದೆ. ವಾಸನೆಯ ಬಗ್ಗೆ ನಾಲ್ಕು ಸಾಲು ಇತ್ತು. ಅಚ್ಚಾಗಿ ಬಂದಾಗ ಆ ನಾಲ್ಕು ಸಾಲು ಮಾಯ, ಆ ಜಾಗದಲ್ಲಿ 'ಘಮಘಮಿಸುವ ಉಪ್ಪುಸೊಳೆ' ಅಂತ ಇತ್ತು. ಸಂಪಾದಕರಿಗೆ ಫೋನು ಮಾಡಿದೆ. 'ಅಮ್ಮಾ, ಓದುಗರಿಗೆ ವಾಕರಿಕೆ ಬರಬಾರದಲ್ವಾ' ಅಂದರು. ಅವರು ಉಪ್ಪುಸೊಳೆಯನ್ನು ಕಣ್ಣಿನಿಂದ ಕಂಡವರಲ್ಲ. ಪುತ್ತೂರಿನ ಕಡೆಯ ಓದುಗರೊಬ್ಬರು ಕಾರ್ಡು ಹಾಕಿ, 'ನಿಮ್ಮ ಮನೆಯ ಉಪ್ಪುಸೊಳೆಗೆ ಏನು ಅತ್ತರು ಹಾಕುತ್ತೀರಿ?' ಅಂತ ಕೇಳಿದ್ದರು. ನಾಚಿಕೆ ಪಟ್ಟವಳು ನಾನು, ಸಂಪಾದಕರಲ್ಲ. ಇಂದಿಗೂ ಘಮಘಮ ಅನ್ನುವ ಪದ ಕಂಡರೆ ನನಗೆ ಆಗುವುದಿಲ್ಲ.

ಇನ್ನೊಂದು ಸಭೆಯಲ್ಲಿ ಒಬ್ಬರು ನನ್ನ ಪುಸ್ತಕವನ್ನು ಹೊಗಳುತ್ತ, 'ಇದು ಅಡುಗೆಮನೆ ಸಾಹಿತ್ಯ, ತಾಯಿಯ ಕೈರುಚಿ ಇದೆ' ಅಂದರು. ಜನ ಚಪ್ಪಾಳೆ ತಟ್ಟಿದರು. ಪುಸ್ತಕ ಬಿಚ್ಚಿ ನೋಡಿದವರ ಮಾತಲ್ಲ ಅದು. 1025ರ ಹೊತ್ತಿಗೇ ಇಮ್ಮಡಿ ಚಾವುಂಡರಾಯ ಲೋಕೋಪಕಾರ ಎಂಬ ಗ್ರಂಥದಲ್ಲಿ ಬಾವಿ ತೋಡುವುದು, ಮಳೆ ನೋಡುವುದು ಇವುಗಳ ಜೊತೆಗೆ ಅಡುಗೆಯನ್ನೂ ಇಟ್ಟಿದ್ದಾನೆ. ಮೂರನೇ ಮಂಗರಸ ಸೂಪಶಾಸ್ತ್ರ ಎಂಬ ಅಡುಗೆಯ ಗ್ರಂಥವನ್ನು ಷಟ್ಪದಿಯಲ್ಲೇ ಬರೆದ. ಅವರನ್ನು ಯಾರೂ ಅಡುಗೆಮನೆ ಸಾಹಿತಿಗಳು ಅಂದದ್ದು ನನಗೆ ಕೇಳಿಲ್ಲ. ಹೋಗಲಿ. ನಾನು ಹೇಳಹೊರಟದ್ದು ಏನೆಂದರೆ, ಆ ಸಭೆಯ ಕೈರುಚಿಯೂ ನಿನ್ನ ಯಮ್ಮಿಯೂ ಒಂದೇ. ಎರಡೂ ನೋಡದೆ ಕೊಟ್ಟ ಸರ್ಟಿಫಿಕೇಟು. ಅಂಥದ್ದು ನನಗೆ ಬೇಡವಾಗಿತ್ತು. ಗೋಳಿಬಜೆಗೂ ಬೇಡ.

ಈಗ ಸ್ವಲ್ಪ ಕಹಿ ಮಾತು. ನಿನ್ನ ಪ್ರಸ್ತಾವನೆಯಲ್ಲಿ 'ಹೆಚ್ಚಿನ ಹೋಟೆಲಿನವರು ಪ್ರೀತಿಯಿಂದ ಬಿಲ್ ತೆಗೆದುಕೊಳ್ಳಲಿಲ್ಲ, ಅವರಿಗೆ ಋಣಿ' ಅಂತ ಇದೆ. ಓ, ಇದಾ ಸಂಗತಿ ಅಂದುಕೊಂಡೆ. ಉಂಡ ಮನೆಗೆ ಎರಡು ಬಗೆಯಬಾರದು, ಅದು ಸರಿಯೇ. ಹಾಗಾಗಿಯೇ ಬರೆಯುವವನು ದುಡ್ಡು ಕೊಟ್ಟು ಉಣ್ಣಬೇಕು. ಪುಕ್ಕಟೆ ಉಂಡ ಮೇಲೆ ಗಸಿಗೆ ಉಪ್ಪು ಜಾಸ್ತಿ ಆಗಿತ್ತು ಅಂತ ಬರೆಯಲು ಕೈ ಬರುತ್ತದಾ? ಆಗ ಏನು ಬರೆಯುವುದು? ಯಮ್ಮಿ ಅಂತ ಬರೆಯುವುದು. ನಿನ್ನ ಇಷ್ಟು ಲೇಖನಗಳಲ್ಲಿ ಒಂದೇ ಒಂದು ಕಡೆ ಅನ್ನ ಬೇಯದೆ ಇರಲಿಲ್ಲ, ಎಣ್ಣೆ ಹಳತಾಗಿರಲಿಲ್ಲ, ಮೀನು ನಿನ್ನೆಯದಾಗಿರಲಿಲ್ಲ. ಹೊಸಂಗಡಿಯಿಂದ ಕಾಞಂಗಾಡಿನವರೆಗೆ ಹೋಟೆಲು ಸುತ್ತಿದವನಿಗೆ ಒಂದು ಕೆಟ್ಟ ಊಟವೂ ಸಿಗಲಿಲ್ಲ ಅಂದರೆ ನಂಬುವವರು ಯಾರು ಮಗಾ? ಕೆಟ್ಟದ್ದನ್ನು ಕೆಟ್ಟದ್ದು ಅಂದವನ ಒಳ್ಳೆಯ ಮಾತಿಗೆ ಬೆಲೆ.

ಗೇರುಹಣ್ಣಿನ ಲೇಖನದ ಬಗ್ಗೆ ಬರೆಯಬೇಕೋ ಬೇಡವೋ ಅಂತ ಎರಡು ಮನಸ್ಸಾಗಿತ್ತು. ಎಣ್ಮಕಜೆಯ ಕಡೆ ಹೋಗಿ, ಮರದಡಿಯಲ್ಲಿ ನಿಂತು ತಿಂದು, 'ಜ್ಯೂಸಿ, ಟ್ಯಾಂಗಿ, ರಿಫ್ರೆಶಿಂಗ್' ಅಂದಿದ್ದೀಯ. ರಸ ಸುರಿಯುತ್ತದೆ, ನಿಜ. ಸಿಹಿಹುಳಿಯೂ ನಿಜ. ಆದರೆ ಚೊಗರು ಎಲ್ಲಿ ಹೋಯಿತು? ಗೇರುಹಣ್ಣು ತಿಂದವನಿಗೆ ಮೊದಲು ನೆನಪಾಗುವುದು ಗಂಟಲು ಹಿಡಿಯುವುದು. ನಾಲಗೆ ದೊರಗಾಗುತ್ತದೆ, ಮಾತು ಸ್ವಲ್ಪ ಹೊತ್ತು ತಡವರಿಸುತ್ತದೆ. ಅದಕ್ಕೇ ಹೋಳು ಮಾಡಿ ಉಪ್ಪು ಸವರಿ ತಿನ್ನುವುದು. ಅಂಗಿಯ ಮೇಲೆ ಬಿದ್ದರೆ ಕಲೆ ಹೋಗುವುದಿಲ್ಲ, ಅಮ್ಮನ ಬೈಗುಳವೂ ತಪ್ಪುವುದಿಲ್ಲ. ಇಂಗ್ಲಿಷಿನ ಆಸ್ಟ್ರಿಂಜೆಂಟ್ ಔಷಧಿ ಅಂಗಡಿಯ ಪದದ ಹಾಗೆ ಕಂಡಿತು, ಹಾಗಾಗಿ ಬಿಟ್ಟೆಯೇನೋ. ಪದ ಸಿಗಲಿಲ್ಲ ಅಂತ ರುಚಿಯನ್ನೇ ಬಿಟ್ಟುಬಿಡುವುದಾ?

ಇನ್ನೂ ಒಂದಿದೆ. ಆ ಕಡೆಯ ಗೇರುತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಅದು ನಿಂತದ್ದು 2000ದ ಹೊತ್ತಿಗೆ. ದೇಶದಲ್ಲೇ ಅದನ್ನು ಸುಪ್ರೀಂ ಕೋರ್ಟ್ ತಡೆದದ್ದು 2011ರಲ್ಲಿ. ನಿನಗೆ ಅದು ಹಳೆಯ ಕತೆ ಇರಬಹುದು. ಆ ಊರುಗಳಲ್ಲಿ ಹಾಸಿಗೆ ಬಿಟ್ಟು ಏಳಲಾಗದೆ ಬೆಳೆದ ಮಕ್ಕಳು ನಿನ್ನ ಪ್ರಾಯದವರೇ. ಎಲ್ಲ ಲೇಖನದಲ್ಲೂ ಅದನ್ನು ತುರುಕು ಅನ್ನುತ್ತಿಲ್ಲ. ಗೇರುಹಣ್ಣು ತಿನ್ನಬೇಡ ಅಂತಲೂ ಅಲ್ಲ, ನಾನೂ ತಿನ್ನುತ್ತೇನೆ. ಅಲ್ಲಿ ನಿಂತು ರಿಫ್ರೆಶಿಂಗ್ ಅಂತ ಬರೆಯುವ ಮೊದಲು ಕೈ ಒಂದು ಗಳಿಗೆ ತಡೆಯಬೇಕಿತ್ತು, ಅಷ್ಟೆ.

ಬರೀ ಬೈದೆ ಅಂತ ತಿಳಿಯಬೇಡ. ಗೋಳಿಬಜೆಯ ಲೇಖನದ ಮೂರನೇ ಪುಟದಲ್ಲಿ ಯಮ್ಮಿಗಳ ನಡುವೆ ಒಂದು ಕಡೆ ಹೀಗೆ ಬರೆದಿದ್ದೀಯ: 'ಎರಡು ತಿನ್ನುವಷ್ಟರಲ್ಲಿ ಚಟ್ನಿ ಖಾಲಿ. ಕೇಳಲು ನಾಚಿಕೆ. ಮೂರನೆಯದನ್ನು ಬರಿದೇ ತಿಂದೆ. ಒಳಗಿನ ಮಜ್ಜಿಗೆಯ ಹುಳಿ ಆಗ ಗೊತ್ತಾಯಿತು.' ಇದರ ಪಕ್ಕದಲ್ಲಿ ನಾನು ಏನೂ ಬರೆದಿಲ್ಲ, ಒಂದು ಸರಿ ಗುರುತು ಹಾಕಿದ್ದೇನೆ. ಒಂದೇ ಒಂದು ಹೊಗಳಿಕೆಯ ಪದ ಇಲ್ಲ. ಆದರೆ ಓದಿದ ಕೂಡಲೇ ನಾನು ಎದ್ದು ಹೋಗಿ ಮನೆಯಲ್ಲಿ ಮೈದಾ ಇದೆಯಾ ಅಂತ ಡಬ್ಬ ತೆಗೆದು ನೋಡಿದೆ. ಇರಲಿಲ್ಲ. ನಿನಗೆ ಬರೆಯಲು ಬರುತ್ತದೆ ಅಂತ ನನಗೆ ಗೊತ್ತಾದದ್ದು ಅಲ್ಲಿ. ಆ ನಾಲ್ಕು ಸಾಲು ಬರೆಯುವಾಗ ನೀನು ಯಾರನ್ನೂ ಮೆಚ್ಚಿಸಲು ಹೋಗಿರಲಿಲ್ಲ, ಹೋಟೆಲಿನವನನ್ನೂ, ಓದುಗರನ್ನೂ. ಸುಮ್ನೆ ತಿನ್ನುತ್ತಿದ್ದೆ.

ಈಗ ಮಾಡಬೇಕಾದ್ದು ಹೇಳುತ್ತೇನೆ. ಕೋರಿರೊಟ್ಟಿಯದ್ದು, ಮಧೂರಿನ ಅಪ್ಪದ್ದು ಸದ್ಯ ಬದಿಗಿಡು. ಗೋಳಿಬಜೆ, ಗೇರುಹಣ್ಣು, ಉಂಡ್ಲಕಾಳು, ಈ ಮೂರನ್ನು ಮತ್ತೆ ಬರೆ. ಬರೆಯುವ ಮೊದಲು ಮತ್ತೆ ತಿನ್ನು, ದುಡ್ಡು ಕೊಟ್ಟು ತಿನ್ನು. ನಾಲ್ಕನೆಯದಾಗಿ, ನಿನಗೆ ಸೇರದ ಒಂದು ಊಟದ ಬಗ್ಗೆ ಬರೆ. ಹೋಟೆಲಿನ ಹೆಸರು ಬೇಡ, ಅನ್ನದ ಬಗ್ಗೆ ಬರೆದರೆ ಸಾಕು. ಫೋಟೋ ಒಂದೂ ಬೇಡ. ಇಂಗ್ಲಿಷ್ ಪದ ಬಂದರೆ ಬರಲಿ, ಆದರೆ ಅದನ್ನು ಆ ಒಂದು ತಿನಿಸಿಗೆ ಬಿಟ್ಟು ಬೇರೆಯದಕ್ಕೆ ಹಚ್ಚಲಾಗಬಾರದು.

ಗೆರೆ ಎಳೆದ ಕಟ್ಟನ್ನು ಪೆರ್ಲದ ಬಸ್ಸಿನಲ್ಲಿ ಬರುವ ನಮ್ಮ ಪಕ್ಕದ ಮನೆಯ ಹುಡುಗನ ಕೈಯಲ್ಲಿ ಕಳಿಸಿದ್ದೇನೆ. ಕೆಲವು ಕಡೆ ನನ್ನ ಅಕ್ಷರ ಓದಲು ಆಗಲಿಕ್ಕಿಲ್ಲ. ಫೋನು ಮಾಡು. ಮಧ್ಯಾಹ್ನ ಊಟದ ಮೇಲೆ ಮಾತ್ರ ಬೇಡ, ಮಲಗಿರುತ್ತೇನೆ.

ಇತಿ ನಿನ್ನ
ಟೀಚರ್